ಉಸ್ತಾದ್ ಅಂತಿದ್ದವನನ್ನು ಸಾಬ್ ಅಂದ ದಿನ

ಪಕ್ಕದ ಮನೆಯ ಹುಡುಗ ಮೊನ್ನೆ ಸಂಜೆ ಬಂದಿದ್ದ. ಅಗ್ನಿವೀರ್, ಅಂದರೆ ನಾಲ್ಕು ವರ್ಷದ ಸೈನಿಕ ಕೆಲಸದ ಲಿಖಿತ ಪರೀಕ್ಷೆ ಪಾಸಾಗಿದೆ, ಈಗ 1600 ಮೀಟರ್ ಓಟಕ್ಕೆ ತಯಾರಿ ನಡೆಸಿದ್ದಾನೆ. ಓಟದ ಬಗ್ಗೆ ಏನೋ ಕೇಳ್ತಾನೆ ಅಂದುಕೊಂಡೆ. ಅವನು ಕೇಳಿದ್ದೇ ಬೇರೆ. "ಅಂಕಲ್, ನಾಲ್ಕು ವರ್ಷ ಆದಮೇಲೆ ವಾಪಸ್ ಕಳಿಸಿಬಿಟ್ಟರೆ ಮರ್ಯಾದೆ ಹೋಗಲ್ವಾ?"

ಆಗ ಏನೋ ಧೈರ್ಯ ಹೇಳಿ ಕಳಿಸಿದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ನಾನು 26 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ಆಗಿಯೇ ಮನೆಗೆ ಬಂದವನು. ನನ್ನನ್ನೂ ಒಂದು ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ಇದನ್ನು ಇಷ್ಟು ದಿನ ಯಾರ ಹತ್ತಿರವೂ ಬಿಡಿಸಿ ಹೇಳಿರಲಿಲ್ಲ. ಇವತ್ತು ಹೇಳ್ತೀನಿ.

ಸೈನಿಕನಾಗಿದ್ದವರ ಮನೆಯಲ್ಲಿ ಒಂದು ಕಪ್ಪು ಕಬ್ಬಿಣದ ಟ್ರಂಕ್ ಇರುತ್ತೆ, ನೋಡಿರ್ತೀರಿ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್, ರ್ಯಾಂಕ್, ಹೆಸರು. ಬಡ್ತಿ ಬಂದಾಗ ರ್ಯಾಂಕ್ ಇದ್ದ ಜಾಗಕ್ಕೆ ಮಾತ್ರ ಕಪ್ಪು ಬಳಿದು, ಒಣಗಿದ ಮೇಲೆ ಹೊಸದು ಬರೆಯೋದು. ನನ್ನ ಟ್ರಂಕ್ ಮೇಲೆ ಮೊದಲು ಸಿಪಾಯಿ ಅಂತಿತ್ತು. ಅದರ ಮೇಲೆ ನಾಯಕ್ ಬಂತು, ಅದರ ಮೇಲೆ ಹವಾಲ್ದಾರ್. ಈಗಲೂ ಅಲ್ಲಿ ಕೈಯಾಡಿಸಿದರೆ ಪೇಂಟ್ ದಪ್ಪಗೆ ಉಬ್ಬಿರೋದು ಬೆರಳಿಗೆ ಗೊತ್ತಾಗುತ್ತೆ.

ಮುಂದಿನದು ನಾಯಬ್ ಸುಬೇದಾರ್. ಅಲ್ಲಿಗೆ ಹೋದರೆ ರ್ಯಾಂಕ್ ಅಷ್ಟೇ ಅಲ್ಲ, ನಂಬರೇ ಬದಲಾಗುತ್ತೆ, ಜೆಸಿ (ಜೂನಿಯರ್ ಕಮಿಷನ್ಡ್) ಅಂತ ಶುರುವಾಗುತ್ತೆ. ಅಂದರೆ ಇಡೀ ಮುಚ್ಚಳಕ್ಕೇ ಹೊಸ ಬಣ್ಣ. ನಾನು ಬಡ್ತಿಗೆ ಬೇಕಾದ ಕೇಡರ್ ಕೋರ್ಸ್ ಮುಗಿಸಿದ್ದೆ, ಮ್ಯಾಪ್ ರೀಡಿಂಗ್‌ನಲ್ಲಿ ಒಳ್ಳೆ ಹೆಸರಿತ್ತು, ವರ್ಷ ವರ್ಷದ ರಿಪೋರ್ಟೂ ಚೆನ್ನಾಗಿತ್ತು. ನಿಜ ಹೇಳ್ತೀನಿ, ಒಂದು ಸಣ್ಣ ಡಬ್ಬಿ ಪೇಂಟ್ ಮೊದಲೇ ತಂದಿಟ್ಟುಕೊಂಡಿದ್ದೆ.

ಬಡ್ತಿಯ ಲಿಸ್ಟ್ ಬಂತು. ನನ್ನ ಹೆಸರಿರಲಿಲ್ಲ. ಮೊಣಕಾಲಿನ ನೋವಿಗೆ ಮೆಡಿಕಲ್ ಕೆಟಗರಿ ಇಳಿಸಿದ್ದರು, ಅದೇ ಅಡ್ಡ ಬಂತು. ನನಗಿಂತ ಕಿರಿಯನೊಬ್ಬನ ಹೆಸರಿತ್ತು. ಅವನಿಗೆ ಮ್ಯಾಪ್ ಓದೋದು ಕಲಿಸಿದ್ದು ನಾನೇ. ಕಲಿಸೋ ಹವಾಲ್ದಾರನನ್ನು ಅಲ್ಲಿ ಉಸ್ತಾದ್ ಅಂತಾರೆ. ಅವನು ಆರು ವರ್ಷ ನನ್ನನ್ನು ಉಸ್ತಾದ್ ಅಂತಲೇ ಕರೆದಿದ್ದ. ಅವನ ಹೆಗಲಿಗೆ ಸ್ಟಾರ್ ಬಂದ ಮೇಲೆ ನಾನು ಅವನನ್ನು ಸಾಬ್ ಅನ್ನಬೇಕು. ಮೊದಲ ದಿನ ಬೆಳಿಗ್ಗೆ ಎದುರಿಗೆ ಬಂದ. ನಾನು ನೆಟ್ಟಗೆ ನಿಂತು "ಜೈ ಹಿಂದ್ ಸಾಬ್" ಅಂದೆ. ಅವನ ಮುಖ ಕೆಂಪಾಯಿತು. "ಜೈ ಹಿಂದ್" ಅಂದ, ಎರಡು ಹೆಜ್ಜೆ ಮುಂದೆ ಹೋದ, ತಿರುಗಿ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದ. ಒಂದು ಮಾತೂ ಆಡಲಿಲ್ಲ. ಆಮೇಲೆ ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಅವತ್ತು ರಾತ್ರಿ ಹೆಂಡತಿಗೆ ಫೋನ್ ಮಾಡಿ ಏನು ಹೇಳೋದು ಅಂತ ತೋಚಲಿಲ್ಲ. ಇಷ್ಟು ವರ್ಷದಲ್ಲಿ ನನಗೆ ಎಲ್ಲಾ ಕಲಿಸಿದ್ದರು. ನಿಂತುಬಿಟ್ಟರೆ ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

ಇದರ ಲೆಕ್ಕ ನನಗೆ ಅರ್ಥವಾಗಿದ್ದು ತಡವಾಗಿ. ಒಂದು ಇನ್ಫೆಂಟ್ರಿ ಬೆಟಾಲಿಯನ್‌ನಲ್ಲಿ ಹೆಚ್ಚು ಕಡಿಮೆ 800 ಜನ. ನಮ್ಮ ಸಾಲಿನ ಕೊನೆಯ ಮೆಟ್ಟಿಲು ಸುಬೇದಾರ್ ಮೇಜರ್, ಅವರು ಒಬ್ಬರೇ. ಖಾಸಗಿ ಕಂಪನಿ ಕೆಲಸದಲ್ಲಾದರೆ ಇಲ್ಲಿ ಬಡ್ತಿ ಸಿಗಲಿಲ್ಲ ಅಂದ್ರೆ ಬೇರೆ ಕಡೆ ಹೋಗಬಹುದು. ಸೈನ್ಯದಲ್ಲಿ ಬಹುತೇಕ ಎಲ್ಲರೂ ಕೆಳಗಿನಿಂದಲೇ ಹತ್ತಬೇಕು. ಪಕ್ಕದ ಬಾಗಿಲು ಅಂತ ಇಲ್ಲ. ಹಾಗಾಗಿ ಮೇಲೆ ಹೋದಷ್ಟೂ ದಾರಿ ಕಿರಿದಾಗುತ್ತೆ, ಒಳ್ಳೆಯವರೂ ನಿಲ್ಲಲೇಬೇಕಾಗುತ್ತೆ. ಅಧಿಕಾರಿಗಳ ಕಥೆಯೂ ಇದೇ. 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಷ್ಟಕ್ಕೆ ಸೇವೆಯ ವರ್ಷಗಳು ತುಂಬಿ, ಬಡ್ತಿಯ ಪರೀಕ್ಷೆ ಪಾಸಾದರೆ ಸಾಕು. ಕರ್ನಲ್ ಆಗೋಕೆ ಸಾಮಾನ್ಯವಾಗಿ ಬೋರ್ಡ್, ಅಂದರೆ ಆಯ್ಕೆ ಮಂಡಳಿ, ಆರಿಸಬೇಕು. ನಾನು ನೋಡಿದ ಅತಿ ಒಳ್ಳೆಯ ಅಧಿಕಾರಿಗಳಲ್ಲಿ ಇಬ್ಬರನ್ನು ಆ ಬೋರ್ಡ್ ಆರಿಸಲಿಲ್ಲ. ಅವರ ಜೊತೆ ರಾತ್ರಿ ಗಸ್ತಿಗೆ ಹೋಗೋಕೆ ನಾನು ಇವತ್ತಿಗೂ ಎರಡು ಸಲ ಯೋಚಿಸಲ್ಲ.

ಇನ್ನು ಕಾಯೋದರ ಮಾತು. ಕಾರಿಯಪ್ಪನವರು ಅಧಿಕಾರಿಯಾಗಿದ್ದು 1919ರಲ್ಲಿ. ಒಂದು ಬೆಟಾಲಿಯನ್ ಅವರ ಕೈಗೆ ಸಿಕ್ಕಿದ್ದು 1942ರಲ್ಲಿ, ಅದೂ ಭಾರತೀಯ ಅಧಿಕಾರಿಗೆ ಅಂತ ಸಿಕ್ಕಿದ್ದು ಅದೇ ಮೊದಲು. 1949ರ ಜನವರಿ 15ಕ್ಕೆ ಸೇನೆಯ ಮುಖ್ಯಸ್ಥರಾದರು. ನಮಗೆ ಆ ಕೊನೆಯ ತಾರೀಕು ಮಾತ್ರ ನೆನಪಿರುತ್ತೆ. ಬೆಟಾಲಿಯನ್ ಸಿಗೋಕೆ ಮುಂಚಿನ 23 ವರ್ಷ ಅವರು ಹೇಗೆ ಕಳೆದಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೀನಿ.

ಈಗ ಆ ಹುಡುಗನ ವಿಷಯಕ್ಕೆ ಬರ್ತೀನಿ. 2022ರಲ್ಲಿ ಅಗ್ನಿವೀರರನ್ನು ಸೇರಿಸಿಕೊಳ್ಳೋ ಅಗ್ನಿಪಥ್ ಯೋಜನೆ ಬಂದಮೇಲೆ ನಾಲ್ಕು ವರ್ಷಕ್ಕೆ ಒಂದು ಬ್ಯಾಚಿನಲ್ಲಿ ಹೆಚ್ಚೆಂದರೆ 100ಕ್ಕೆ 25 ಜನರನ್ನು ಉಳಿಸಿಕೊಳ್ತಾರೆ. ಅಂದರೆ ಕಡಿಮೆ ಅಂದ್ರೂ 75 ಜನ ಮನೆಗೆ ಬಂದೇ ಬರ್ತಾರೆ. ನನಗೆ ಆ ನೋವು 40 ದಾಟಿದ ಮೇಲೆ ಬಂತು, ಆಗ ಪೆನ್ಶನ್ ಇತ್ತು. ಇವರಿಗೆ 22, 23ಕ್ಕೇ ಬರುತ್ತೆ, ಪೆನ್ಶನ್ ಇಲ್ಲ. ಈ ಪದ್ಧತಿ ನನಗೆ ಸಮಾಧಾನ ತಂದಿಲ್ಲ. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಇವತ್ತು ಕೇಳ್ಕೊಳ್ಳೋದು ಊರಿನವರನ್ನು, ನೆಂಟರನ್ನು. ಹುಡುಗ ವಾಪಸ್ ಬಂದಾಗ "ಯಾಕೆ ಇಟ್ಕೊಳ್ಳಲಿಲ್ಲ? ಏನು ತಪ್ಪು ಮಾಡಿದ?" ಅಂತ ದಯವಿಟ್ಟು ಕೇಳಬೇಡಿ. ನಾನು ರಿಟೈರ್ ಆಗಿ ಬಂದಾಗ ಮದುವೆ ಮನೆಯೊಂದರಲ್ಲಿ ಒಬ್ಬರು "ಇಷ್ಟು ವರ್ಷ ಇದ್ದೂ ಹವಾಲ್ದಾರೇನಾ?" ಅಂದಿದ್ದರು. ಸುಮ್ನೆ ಅಂದಿದ್ದು, ಕೆಟ್ಟ ಉದ್ದೇಶ ಇರಲಿಲ್ಲ. ಪಕ್ಕದಲ್ಲಿದ್ದ ನನ್ನ ಮಗಳು ತಲೆ ತಗ್ಗಿಸಿಬಿಟ್ಟಳು. ಮೊಣಕಾಲಿನ ನೋವಿಗಿಂತ ಅದು ಜಾಸ್ತಿ ನೋಯಿಸಿತು.

ಒಂದು ಖುಷಿಯ ವಿಷಯ ಹೇಳಿಬಿಡ್ತೀನಿ. ನನ್ನ ಸಾಬ್ ಈಗ ಸುಬೇದಾರ್. ಹೋದ ತಿಂಗಳು ಅವನ ಫೋನ್ ಬಂದಿತ್ತು. ಹೊಸ ಹುಡುಗರಿಗೆ ರಾತ್ರಿ ದಿಕ್ಸೂಚಿ ಹಿಡಿದು ನಡೆಯೋದು ಕಲಿಸ್ತಿದ್ದಾನಂತೆ. ಹೆಜ್ಜೆ ಲೆಕ್ಕ ತಪ್ಪದಿರಲಿ ಅಂತ ಕಲ್ಲನ್ನು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿಕೊಳ್ಳೋ ಉಪಾಯ ನಾನು ಹೇಳಿಕೊಟ್ಟಿದ್ದೆ. "ಎಷ್ಟು ಹೆಜ್ಜೆಗೆ ಒಂದು ಕಲ್ಲು ಅಂತ ಹೇಳಿದ್ರಿ, ಉಸ್ತಾದ್?" ಅಂತ ಕೇಳಿದ.

ನೂರಕ್ಕೆ ಒಂದು ಅಂದೆ.