ಗಾಯದ ಒಳಗೂ ಇಂಜೆಕ್ಷನ್ ಬೇಕು, ಕೇಳಿ ಹಾಕಿಸಿಕೊಳ್ಳಿ

ನಾಯಿ ಕಚ್ಚಿದರೆ ತೋಳಿಗೆ ಲಸಿಕೆ ಹಾಕಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು. ಹಲ್ಲು ಇಳಿದು ರಕ್ತ ಬಂದಿದ್ದರೆ ಅದೊಂದೇ ಸಾಲದು. ಲಸಿಕೆ ಹಾಕಿದ ಮೇಲೆ ದೇಹ ತಾನೇ ಆಂಟಿಬಾಡಿ (ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನ್) ತಯಾರಿಸಲು ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ರೇಬೀಸ್ ವೈರಸ್ ನರಕ್ಕೆ ಸೇರಿದರೆ ಬದುಕಿಸುವ ಮದ್ದಿಲ್ಲ. ಅದಕ್ಕೇ ಮೊದಲ ದಿನವೇ ಸಿದ್ಧ ಆಂಟಿಬಾಡಿಯನ್ನು ಗಾಯದೊಳಕ್ಕೇ ಕೊಡಬೇಕು.

ಮೊದಲು ಇದಕ್ಕೆ ಇದ್ದದ್ದು ಎರಡೇ. ಒಂದು ಕುದುರೆಯ ರಕ್ತದಿಂದ ತೆಗೆದ ಸೀರಂ, ಕೆಲವರಿಗೆ ಅಲರ್ಜಿ ತರುತ್ತದೆ. ಇನ್ನೊಂದು ದಾನಿಗಳ ರಕ್ತದಿಂದ ತೆಗೆದದ್ದು, ದುಬಾರಿ, ಬೇಕೆಂದಾಗ ಸಿಗುವುದಿಲ್ಲ. ಈಗ ಟ್ಯಾಂಕುಗಳಲ್ಲಿ ಬೆಳೆಸಿದ ಜೀವಕೋಶಗಳಿಂದ ಮೊನೊಕ್ಲೋನಲ್, ಅಂದರೆ ಒಂದೇ ಜೀವಕೋಶದ ಪೀಳಿಗೆಯಿಂದ ಬರುವ ಆಂಟಿಬಾಡಿ ತಯಾರಾಗುತ್ತಿದೆ. ಸೀರಂ ಇನ್‌ಸ್ಟಿಟ್ಯೂಟಿನ ರೇಬಿಶೀಲ್ಡ್‌ನಲ್ಲಿರುವುದು ಒಂದೇ ಆಂಟಿಬಾಡಿ. 2019ರಲ್ಲಿ ಒಪ್ಪಿಗೆ ಪಡೆದ ಝೈಡಸ್‌ನ ಟ್ವಿನ್‌ರ್ಯಾಬ್‌ನಲ್ಲಿ ಎರಡಿವೆ: ವೈರಸ್ ಒಂದು ಜಾಗದಲ್ಲಿ ರೂಪ ಬದಲಿಸಿದರೂ ಇನ್ನೊಂದು ಹಿಡಿಯಲಿ ಅಂತ.

ಡೋಸ್ ವಿಷಯದಲ್ಲಿ ಎಚ್ಚರ ಬೇಕು. ರೇಬಿಶೀಲ್ಡ್ ದೇಹದ ತೂಕದ ಪ್ರತಿ ಕೆಜಿಗೆ 3.33 ಐಯು (ಮದ್ದಿನ ಬಲ ಅಳೆಯುವ ಅಂತರರಾಷ್ಟ್ರೀಯ ಘಟಕ), ಟ್ವಿನ್‌ರ್ಯಾಬ್ ಮತ್ತು ಕುದುರೆ ಸೀರಂ ಕೆಜಿಗೆ 40 ಐಯು. 60 ಕೆಜಿಯವರಿಗೆ ಮೊದಲನೆಯದು 200 ಐಯು, ಉಳಿದವು 2400. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಅನಾಹುತ. ಜಾಸ್ತಿ ಕೊಟ್ಟರೆ ಒಳ್ಳೆಯದು ಅನ್ನುವಂತೆಯೂ ಇಲ್ಲ, ಲಸಿಕೆಯ ಕೆಲಸವೇ ಕುಗ್ಗಬಹುದು.

ಮೊದಲು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಶಿನ ಹಚ್ಚಲೇಬೇಡಿ. ಆಮೇಲೆ ಪ್ರತಿ ಗಾಯದ ಒಳಗೂ ಸುತ್ತಲೂ ಆಂಟಿಬಾಡಿ ಚುಚ್ಚಬೇಕು. ಗಾಯ ಹಲವಿದ್ದು ಮದ್ದು ಸಾಲದಿದ್ದರೆ ಸಲೈನ್ ಬೆರೆಸಿ ಹಿಗ್ಗಿಸುತ್ತಾರೆ. ಬೆರಳ ತುದಿಗೆ ಒತ್ತಿ ತುಂಬಬಾರದು, ಒಳಗೆ ಒತ್ತಡ ಹೆಚ್ಚಿ ರಕ್ತ ಓಡಾಟ ನಿಲ್ಲುತ್ತದೆ. ಗಾಯ ನೋವಾಗುತ್ತದೆಂದು ಪೂರ್ತಿ ಸೊಂಟಕ್ಕೆ ಕೊಟ್ಟು ಕಳಿಸುವುದು ದೊಡ್ಡ ತಪ್ಪು. ವೈರಸ್ ಇರುವುದು ಗಾಯದಲ್ಲಿ. ಲಸಿಕೆಯ ಸಿರಿಂಜನ್ನೇ ಇದಕ್ಕೂ ಬಳಸಬಾರದು. ಹೊಲಿಗೆ ಬೇಕೇ ಬೇಕಿದ್ದರೆ ಇದಾದ ಮೇಲೆಯೇ.

ಮೊದಲ ದಿನ ಆಂಟಿಬಾಡಿ ಸಿಗದಿದ್ದರೆ ಲಸಿಕೆ ಶುರುವಾಗಿ 7 ದಿನದವರೆಗೂ ಕೊಡಬಹುದು, ಆಮೇಲೆ ಪ್ರಯೋಜನವಿಲ್ಲ. ಆದ್ದರಿಂದ ತಾಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇದು ಯಾವಾಗಲೂ ಇರಲೇಬೇಕು. ಲಸಿಕೆ ಕೊಟ್ಟು, ಇದಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ ಅಂದರೆ ಕೂಲಿ ಬಿಟ್ಟು ಬಂದವರು ಮನೆಗೇ ಹೋಗುತ್ತಾರೆ. ಸ್ಟಾಕ್ ಇದೆಯಾ ಅಂತ ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇವತ್ತೇ ವಿಚಾರಿಸಿ, ಇಲ್ಲದಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ.

ಹಿಂದೆ ಪೂರ್ತಿ ಕೋರ್ಸ್ ಲಸಿಕೆ ಆಗಿದ್ದವರಿಗೆ ಈ ಆಂಟಿಬಾಡಿ ಬೇಕಿಲ್ಲ. ಆ ಚೀಟಿ ಜೋಪಾನವಾಗಿಟ್ಟುಕೊಳ್ಳಿ, ಮತ್ತೆ ಕಚ್ಚಿದರೆ ವೈದ್ಯರು ಕೇಳುತ್ತಾರೆ.