ಜಿನ್ ಲೇನ್‌ನಲ್ಲಿ ಗಿರವಿ ಅಂಗಡಿಯವನನ್ನು ನೋಡಿ

ಇಂಗ್ಲೆಂಡಿನ ಕಲಾವಿದ ವಿಲಿಯಂ ಹೊಗಾರ್ತ್‌ನ ‘ಜಿನ್ ಲೇನ್’ ಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. ಜಿನ್ ಅಂದರೆ ಧಾನ್ಯದಿಂದ ಭಟ್ಟಿ ಇಳಿಸಿದ ಮದ್ಯ; ಚಿತ್ರ ಅದನ್ನು ಕುಡಿದು ಹಾಳಾದ ಲಂಡನ್ನಿನ ಬೀದಿಯದು. ತಾಮ್ರದ ತಗಡಿನ ಮೇಲೆ ಕೆತ್ತಿ 1751ರಲ್ಲಿ ಅಚ್ಚು ಹಾಕಿದ್ದು. ಮೆಟ್ಟಿಲ ಮೇಲೆ ಅರೆಬೆತ್ತಲೆ ಹೆಂಗಸೊಬ್ಬಳು ಕುಡಿದ ಮತ್ತಿನಲ್ಲಿ ನಶ್ಯ ತೆಗೆಯುತ್ತಿದ್ದಾಳೆ. ಕಾಲ ತುಂಬ ಹುಣ್ಣು. ಮಗು ತೋಳಿಂದ ಜಾರಿ ತಲೆಕೆಳಗಾಗಿ ಬೀಳುತ್ತಿದೆ. ಅವಳಿಗೆ ಅದರ ಪರಿವೆಯೇ ಇಲ್ಲ.

ಈ ಚಿತ್ರ ಹಂಚಿಕೊಳ್ಳುವ ಎಷ್ಟೋ ಜನ ಅವಳನ್ನಷ್ಟೇ ಕತ್ತರಿಸಿ ಹಾಕುತ್ತಾರೆ. ‘ಕುಡುಕ ತಾಯಿ’ ಅಂತ ಒಂದು ಸಾಲು ಬರೆದರೆ ಮುಗಿಯಿತು. ನನಗೆ ಸಿಟ್ಟು ಬರುವುದು ಇಲ್ಲೇ.

ದಯವಿಟ್ಟು ಎಡಕ್ಕೆ ನೋಡಿ. ಅಲ್ಲೊಂದು ಗಿರವಿ ಅಂಗಡಿ ಇದೆ. ಬಡಗಿಯೊಬ್ಬ ತನ್ನ ಗರಗಸ ಅಡವಿಡಲು ಬಂದಿದ್ದಾನೆ. ಪಕ್ಕದಲ್ಲಿ ಹೆಂಗಸೊಬ್ಬಳು ಅಡುಗೆ ಪಾತ್ರೆ ಹಿಡಿದು ನಿಂತಿದ್ದಾಳೆ. ಗರಗಸ ಹೋದರೆ ಅವನಿಗೆ ನಾಳೆ ಕೆಲಸವಿಲ್ಲ, ಪಾತ್ರೆ ಹೋದರೆ ಅವಳ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಬೀದಿಯ ಮನೆಗಳು ಕುಸಿಯುತ್ತಿವೆ. ಗಟ್ಟಿಯಾಗಿ ನಿಂತಿರುವುದು ಗಿರವಿಯವನ, ಜಿನ್ ಮಾರುವವನ ಮತ್ತು ಶವಪೆಟ್ಟಿಗೆಯವನ ವ್ಯಾಪಾರ ಮಾತ್ರ. ಇದೇ ಚಿತ್ರದ ಜೋಡಿ ‘ಬಿಯರ್ ಸ್ಟ್ರೀಟ್’ನಲ್ಲಿ ಎಲ್ಲ ಉಲ್ಟಾ. ಅಲ್ಲಿ ಜನ ಚೆನ್ನಾಗಿದ್ದಾರೆ, ಗಿರವಿಯವನ ಮನೆ ಬೀಳುವಂತಾಗಿದೆ. ಹೊರಗೆ ಬರಲೂ ಹೆದರಿ ಬಾಗಿಲ ಕಿಂಡಿಯಿಂದ ಬಿಯರ್ ಇಸಿದುಕೊಳ್ಳುತ್ತಿದ್ದಾನೆ!

ಹೊಗಾರ್ತ್ ಇದನ್ನು ಸುಮ್ನೆ ಬಿಡಿಸಿದ್ದಲ್ಲ ಅಂತ ನನ್ನ ನಂಬಿಕೆ. ಅವನು ಹುಡುಗನಾಗಿದ್ದಾಗ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಫ್ಲೀಟ್ ಜೈಲು ಸೇರಿದ್ದ. ಸಾಲ ಒಂದು ಮನೆಯನ್ನು ಏನು ಮಾಡುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಂತ ಅವನನ್ನು ಪೂರ್ತಿ ಒಪ್ಪಲಾರೆ. ಬಡವರ ಚಟ ತಿದ್ದುವುದೇ ತನ್ನ ಉದ್ದೇಶ ಅಂತ ಅವನೇ ಹೇಳಿಕೊಂಡ. ಆದರೆ ಒಂದು ಪ್ರತಿಗೆ ಒಂದು ಶಿಲ್ಲಿಂಗ್ ಬೆಲೆ. ಗರಗಸ ಅಡವಿಡುವ ಬಡಗಿ ಅದನ್ನು ಎಲ್ಲಿಂದ ತರಬೇಕು? ಕೊಂಡು ಗೋಡೆಗೆ ಹಾಕಿಕೊಂಡವರು ಕೈಯಲ್ಲಿ ಕಾಸಿದ್ದವರೇ. ಜೊತೆಗೆ, ಜಿನ್ ಇಷ್ಟು ಅಗ್ಗವಾಗಿದ್ದು ಯಾಕೆ ಅನ್ನುವುದು ಚಿತ್ರದಲ್ಲಿ ಎಲ್ಲೂ ಇಲ್ಲ. 1690ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಧಾನ್ಯದಿಂದ ಭಟ್ಟಿ ಇಳಿಸಲು ಉತ್ತೇಜನ ಕೊಟ್ಟಿತ್ತು. ಫ್ರಾನ್ಸಿನ ಬ್ರಾಂದಿ ಬೇಡವಾಗಿತ್ತು, ಜಮೀನ್ದಾರರ ಧಾನ್ಯ ಖರ್ಚಾಗಬೇಕಿತ್ತು, ಖಜಾನೆಗೆ ತೆರಿಗೆ ಬರಬೇಕಿತ್ತು. ಆ ತಾಯಿ ಮೆಟ್ಟಿಲ ಮೇಲೆ ಕುಸಿದು ಕೂರುವ ಮುಂಚೆ ಇಷ್ಟೆಲ್ಲ ಆಗಿತ್ತು ಅಲ್ವಾ?

1736ರಲ್ಲಿ ಜಿನ್ ಮಾರುವ ಲೈಸೆನ್ಸಿಗೆ ವರ್ಷಕ್ಕೆ 50 ಪೌಂಡ್ ಇಟ್ಟರು. ಅಷ್ಟು ದುಡ್ಡು ಕಟ್ಟಿದವರೇ ಕಡಿಮೆ, ಕಳ್ಳ ಮಾರಾಟ ಜೋರಾಯಿತು. 1751ರ ಕಾನೂನು ಭಟ್ಟಿಯವರ ಕೈಯನ್ನೇ ಕಟ್ಟಿತು. ಅವರು ಲೈಸೆನ್ಸ್ ಇಲ್ಲದವರಿಗೆ ಮಾಲು ಕೊಡುವಂತಿರಲಿಲ್ಲ. 1757ರಲ್ಲಿ ಬೆಳೆ ಕೈಕೊಟ್ಟಾಗ ಧಾನ್ಯದಿಂದ ಭಟ್ಟಿ ಇಳಿಸುವುದನ್ನೇ ನಿಲ್ಲಿಸಿದರು. ಬಡವರಿಗೆ ಹೇಳಿದ ಬುದ್ಧಿಮಾತಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ.