ಲೀಟರಿಗೆ ಎಷ್ಟು ಕೊಡ್ತದೆ ಮಾರಾಯ್ರೆ?

ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಿ, ಮಾಲೆ ಹಾಕಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಡುವ ಮೊದಲೇ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, "ಎಷ್ಟು ಕೊಡ್ತದೆ?" ಬಣ್ಣ, ಬೆಲೆ, ಏರ್‌ಬ್ಯಾಗ್ ಎಲ್ಲ ಆಮೇಲೆ. ಇವರ ಎದುರು ಪ್ಯಾಕ್-ಕಾರ್ 2 ನಿಲ್ಲಿಸಬೇಕಿತ್ತು. 2005ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವಿದ್ಯಾರ್ಥಿಗಳು ಹೈಡ್ರೋಜನ್ ಹಾಕಿ ಓಡಿಸಿದ ಗಾಡಿ ಅದು. ಪೆಟ್ರೋಲ್ ಲೆಕ್ಕಕ್ಕೆ ಹಿಡಿದರೆ ಲೀಟರಿಗೆ 5385 ಕಿಮೀ ಕೊಟ್ಟಿತು. ಒಂದು ಲೀಟರಿನಲ್ಲಿ ಶಿರಸಿಯಿಂದ ಬೆಂಗಳೂರಿಗೆ ಆರು ಸಲ ಹೋಗಿ ಬರಬಹುದು.

"ಹೌದಾ? ಎಷ್ಟು ಜನ ಕೂರಬಹುದು?"

ಒಬ್ಬರೇ. ಅದೂ ಕೂರುವ ಹಾಗಿಲ್ಲ, ಮಲಗಬೇಕು.

"ಅಡಿಕೆ ಚೀಲ?"

ಗಾಡಿಯೇ 29 ಕಿಲೋ ಮಾರಾಯ್ರೆ.

"ಹಾಗಾದ್ರೆ ಬೇಡ ಬಿಡಿ."

ಈ ಹುಚ್ಚು ಶುರುವಾಗಿದ್ದು 1939ರಲ್ಲಿ, ಅಮೆರಿಕದಲ್ಲಿ ಶೆಲ್ ಪೆಟ್ರೋಲ್ ಕಂಪನಿಯ ವಿಜ್ಞಾನಿಗಳು ಯಾರ ಕಾರು ಕಡಿಮೆ ಪೆಟ್ರೋಲಿನಲ್ಲಿ ಜಾಸ್ತಿ ದೂರ ಹೋಗುತ್ತದೆ ಅಂತ ತಮ್ಮತಮ್ಮಲ್ಲೇ ಕಟ್ಟಿದ ಬಾಜಿಯಿಂದ. ಅದು ಬೆಳೆದು 1985ರಲ್ಲಿ ಫ್ರಾನ್ಸಿನಲ್ಲಿ ಇಕೋ-ಮ್ಯಾರಥಾನ್ ಆಯಿತು. ಗಮನಿಸಿ, ಪೆಟ್ರೋಲ್ ಕಡಿಮೆ ಉರಿಸಿ ಅನ್ನುವವರು ಪೆಟ್ರೋಲ್ ಮಾರುವವರು. ಗೋವಾ ಗಡಿಯ ಬಾರ್ ಮಾಲೀಕ ಕಡಿಮೆ ಕುಡಿದವನಿಗೆ ಶಾಲು ಹೊದಿಸಿದ ಹಾಗೆ.

ಇಕೋ-ಮ್ಯಾರಥಾನ್ 2018ರಲ್ಲಿ ಚೆನ್ನೈಗೆ ಬಂತು, 2019ರಲ್ಲಿ ಬೆಂಗಳೂರಿಗೂ ಬಂತು. ಕಾರವಾರಕ್ಕೆ ಯಾಕೆ ಬರಬಾರದು? ಟ್ಯಾಗೋರ್ ಕಡಲತೀರದಲ್ಲಿ ಪೆಂಡಾಲ್ ಹಾಕೋಣ. ಅನುಭವಕ್ಕಂತೂ ನಮ್ಮಲ್ಲಿ ಬರವಿಲ್ಲ.

ಉದಾಹರಣೆಗೆ ಅಲ್ಲಿ ಗೆಲ್ಲುವವರ ಗುಟ್ಟು ಏನು ಗೊತ್ತಾ? ಇಂಜಿನ್ ಸ್ವಲ್ಪ ಹೊತ್ತು ಚಾಲೂ ಇಟ್ಟು ವೇಗ ಹಿಡಿಯುವುದು, ಆಮೇಲೆ ಬಂದ್ ಮಾಡಿ ಹಾಗೇ ಉರುಳಿಸಿಕೊಂಡು ಹೋಗುವುದು, ವೇಗ ಇಳಿದರೆ ಮತ್ತೆ ಚಾಲೂ. ಇಷ್ಟೇ. ಇದನ್ನು ನಮ್ಮ ಟೆಂಪೋದವರು ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಯಾವ ಕಪ್ಪೂ ಕೇಳದೆ ಮಾಡಿಕೊಂಡು ಬಂದಿದ್ದಾರೆ. ಘಟ್ಟದ ತಲೆಯಲ್ಲಿ ದೇವಿಗೆ ಕೈ ಮುಗಿದು, ಗೇರ್ ನ್ಯೂಟ್ರಲ್‌ಗೆ ತಂದು, ಕೀಲಿ ತಿರುಗಿಸಿಬಿಡುತ್ತಾರೆ. ಇಂಜಿನ್ ಸದ್ದು ನಿಂತು ಒಳಗೆ ಟೈರಿನ ಸದ್ದು ಮಾತ್ರ ಕೇಳುತ್ತದೆ. ಇಂಜಿನ್ ನಿಂತರೆ ಬ್ರೇಕಿಗೆ ಅದರಿಂದ ಸಿಗುವ ಬಲವೂ ಹೋಗುತ್ತದೆ, ನಾಲ್ಕು ಸಲ ಒತ್ತುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತದೆ, ಡ್ರೈವರ್ ಸೀಟಿನಿಂದ ಅರ್ಧ ಎದ್ದು ನಿಂತು ತುಳಿಯುತ್ತಾನೆ, ಹಿಂದೆ ಕೂತ ಹೆಂಗಸರು ಕುಲದೇವರಿಂದ ಹಿಡಿದು ಇಡಗುಂಜಿ ಗಣಪತಿಯವರೆಗೆ ಎಲ್ಲರನ್ನೂ ಕರೆಯುತ್ತಾರೆ. ಹೀಗೆ ಪ್ರಾಣ ಪಣಕ್ಕಿಟ್ಟು ಉಳಿಸಿದ ಡೀಸೆಲ್, ಆ ರಸ್ತೆ ಕಾಮಗಾರಿಗೆ ಅಂತ ಬಂದ್ ಆದ ದಿನ ಸಿದ್ದಾಪುರ ಸುತ್ತಿ ಕರಾವಳಿ ಮುಟ್ಟುವಾಗ ಬಡ್ಡಿ ಸಮೇತ ಖರ್ಚಾಗಿರುತ್ತದೆ.

ಇನ್ನು ಸ್ಪರ್ಧೆಯ ಮಾಜಾಳಿ ವಿಭಾಗ, ಅಂದರೆ ಗೋವಾ ಗಡಿಯದ್ದು. ಗೋವಾದಲ್ಲಿ ಪೆಟ್ರೋಲ್ ನಮಗಿಂತ ಅಗ್ಗ, ಗಡಿ ದಾಟಿದರೆ ಪೋಳೆಂನಲ್ಲಿ ಬಂಕ್. 2024ರ ಆಗಸ್ಟ್‌ನಲ್ಲಿ ದಾರಿಯಲ್ಲಿದ್ದ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿದ್ದ ಮೇಲೂ ಈ ಯಾತ್ರೆ ನಿಂತಿಲ್ಲ. ಕಾರವಾರದಿಂದ ಬೈಕಿನಲ್ಲಿ ಹೋಗಿ, ಸಾಲಲ್ಲಿ ನಿಂತು, ಐದು ಲೀಟರ್ ಹಾಕಿಸಿ ಉಳಿಸಿದ್ದು ಹೋಗಿ ಬರುವ ದಾರಿಯಲ್ಲೇ ಉರಿದುಹೋಗಿರುತ್ತದೆ. ಆದರೂ ಮುಖದಲ್ಲಿ ಸರ್ಕಾರಕ್ಕೇ ಟೋಪಿ ಹಾಕಿದ ಕಳೆ. ಬರುವಾಗ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆರೆಸಿದರೆ, ಅಷ್ಟು ದೂರ ಬರೀ ಪೆಟ್ರೋಲಿಗೆ ಹೋಗಿರಲಿಲ್ಲ ಅನ್ನೋದು ಗೊತ್ತಾಗುತ್ತದೆ. ಅದು ಬೇರೆ ಇಂಧನ, ಬಿಡಿ.

ಲೀಟರಿಗೆ ಎಷ್ಟು ಕಿಮೀ ಅಂತ ಎಲ್ಲರೂ ಕೇಳುತ್ತಾರೆ. ಈ ಕಿಮೀ ಯಾಕೆ ಓಡಿಸಬೇಕಾಯ್ತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎದೆನೋವು ಬಂದರೆ ಮೊದಲು ಡಾಕ್ಟರಿಗಲ್ಲ, ಡ್ರೈವರ್‌ಗೆ ಫೋನ್ ಮಾಡುತ್ತೇವೆ. ಕುಮಟಾದವರಿಗೆ ಮಣಿಪಾಲ, ಕಾರವಾರದವರಿಗೆ ಗೋವಾ, ಶಿರಸಿಯವರಿಗೆ ಹುಬ್ಬಳ್ಳಿ. ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಾಲತಾಣದಲ್ಲಿ ಅಷ್ಟು ದೊಡ್ಡ ಗಲಾಟೆಯಾಯಿತು, ಆಶ್ವಾಸನೆಗಳು ಬಂದವು. ಅವು ಮಾತ್ರ ಒಂದು ಹನಿ ಇಂಧನ ಇಲ್ಲದೆ ಇವತ್ತಿಗೂ ಓಡುತ್ತಿವೆ. ಪ್ಯಾಕ್-ಕಾರ್ ಯಾವ ಲೆಕ್ಕ?

ಎಲೆಕ್ಟ್ರಿಕ್ ಗಾಡಿ ತಗೊಳ್ಳಿ ಅನ್ನುತ್ತೀರಿ. ತಗೊಳ್ಳೋಣ. ಕೈಗಾದಲ್ಲಿ ನಾಲ್ಕು ಅಣು ಘಟಕಗಳಿವೆ, ಒಟ್ಟು 880 ಮೆಗಾವ್ಯಾಟ್. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್‌ವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ನಮ್ಮನೆ ಫ್ಯಾನ್ ಮಳೆಗಾಲದಲ್ಲಿ 962 ನಿಮಿಷ ಒಂದೇ ಸಮ ತಿರುಗಿದರೆ ನಾವು ಅಕ್ಕಪಕ್ಕದವರಿಗೆ ಪಾಯಸ ಹಂಚುತ್ತೇವೆ. ಗಾಡಿಯನ್ನು ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಅದೂ ಮಲಗಿಯೇ ಇರುತ್ತದೆ.

ಸ್ಪರ್ಧೆ ನಡೆದರೆ ಗೆಲ್ಲುವುದು ಯಾರು ಅನ್ನೋದೂ ನನಗೆ ಗೊತ್ತು. ಕೊಂಕಣ ರೈಲ್ವೆಯ ಮೇಲೆ ಸಾಗುವ ಲಾರಿ. ಸುರತ್ಕಲ್‌ನಲ್ಲಿ ರೈಲು ಹತ್ತಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುವವರೆಗೆ ಇಂಜಿನ್ ಬಂದ್, ಡ್ರೈವರ್ ಕ್ಯಾಬಿನ್ನಿನಲ್ಲಿ ಗೊರಕೆ, ಡೀಸೆಲ್ ಸೊನ್ನೆ. ರೈಲು ಇಲ್ಲದ ಕಡೆ, ಅಂದರೆ ಹುಬ್ಬಳ್ಳಿ-ಅಂಕೋಲಾ ನಡುವೆ, ಇದೇ ಲಾರಿ ಅರಬೈಲ್ ಘಟ್ಟ ಹತ್ತುವಾಗ ಹಿಂದಿದ್ದವರಿಗೆ ಹೊಗೆಯಲ್ಲೇ ಸ್ನಾನ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ 1990ರ ದಶಕದಿಂದ ಕಾಗದದಲ್ಲೇ ಓಡುತ್ತಿದೆ. ಅದಕ್ಕಾಗಿ ಕಾಡು ಕಡಿಯಬಾರದು ಅನ್ನೋದು ನನ್ನ ಮಾತೂ ಹೌದು, ಆದರೆ ಆ ಹೊಗೆಯನ್ನು ಕುಡಿಯುತ್ತಿರುವುದೂ ಅದೇ ಕಾಡು ಅಲ್ವಾ?

ಇರಲಿ, ಸ್ಪರ್ಧೆಗೆ ಬರೋಣ. ಭಾಗವಹಿಸಲು ಬಯಸುವವರು ಅರ್ಜಿಯನ್ನು ಮೂರು ಪ್ರತಿಗಳಲ್ಲಿ, ಖುದ್ದಾಗಿ, ಜಿಲ್ಲಾ ಕೇಂದ್ರ ಕಾರವಾರದಲ್ಲೇ ಕೊಡಬೇಕು ಅಂತ ನಿಯಮ ಇದ್ದೇ ಇರುತ್ತದೆ. ಮುಂಡಗೋಡದ ಒಬ್ಬ ಹುಡುಗ ಲೀಟರಿಗೆ ಇನ್ನೂರು ಕಿಮೀ ಕೊಡುವ ಗಾಡಿ ಮಾಡಿದ್ದಾನೆ ಅಂತಿಟ್ಟುಕೊಳ್ಳಿ. ಅದಕ್ಕಿನ್ನೂ ನೋಂದಣಿಯಾಗಿಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಮಾವನ ಹಳೇ ಜೀಪ್ ಹತ್ತಿ ಯಲ್ಲಾಪುರ, ಅರಬೈಲ್, ಅಂಕೋಲಾ ದಾಟಿ ನೂರು ಕಿಮೀಗೂ ಮೇಲೆ ಬಂದು ಕೌಂಟರ್ ಮುಂದೆ ನಿಂತ. ಒಳಗಿದ್ದವರು ಅರ್ಜಿ ತಿರುವಿ ನೋಡಿ ಹೇಳಿದರು, "ಇಲ್ಲೊಂದು ಸಹಿ ಬಿಟ್ಟುಹೋಗಿದೆ ತಮ್ಮಾ, ನಿಮ್ಮ ತಹಶೀಲ್ದಾರರದ್ದು. ಮಾಡಿಸಿಕೊಂಡು ನಾಳೆ ಬಾ."